ಅಡುಗೆಮನೆ ಗೋಡೆಯ ಕ್ಯಾಲೆಂಡರು

ನಮ್ಮನೆ ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರಿದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ದುಡ್ಡು ಕಟ್ಟೋ ದಿನ, ಎಲ್ಲ ಅದರ ಮೇಲೇ. ಮದುವೆಯಾಗಿ ಮೈಸೂರಿನಿಂದ ಮಂಡ್ಯಕ್ಕೆ ಬಂದ ಎರಡನೇ ತಿಂಗಳಲ್ಲಿ ಆ ಕ್ಯಾಲೆಂಡರಿಗೆ ನಾನೂ ಸೇರಿಕೊಂಡೆ. ಒಂದು ತಾರೀಖಿನ ಸುತ್ತ ಕೆಂಪು ಪೆನ್ನಿನ ಸಣ್ಣ ಸೊನ್ನೆ. ಅದನ್ನ ಹಾಕಿದ್ದು ಅತ್ತೆ. ಶ್ರಾವಣ ಶನಿವಾರ, ವರಮಹಾಲಕ್ಷ್ಮಿ, ಪಿತೃಪಕ್ಷದ ಎಡೆ, ಒಂದಲ್ಲ ಒಂದು ಇದ್ದೇ ಇರುತ್ತದೆ. ಸೊಸೆ ಯಾವಾಗ ಹೊರಗಾಗ್ತಾಳೆ ಅಂತ ಮುಂಚೆನೇ ಗೊತ್ತಿದ್ದರೆ ಅವರಿಗೆ ಅನುಕೂಲ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಸೊನ್ನೆ ಹಾಕಿದವರು 28 ದಿನ ಎಣಿಸಿ ಮುಂದಿನ ತಿಂಗಳ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿಯನ್ನೂ ಇಟ್ಟಿದ್ದರು.

ಚುಕ್ಕಿಯ ದಿನ ಬಂತು, ಹೋಯಿತು. ಒಂದು ವಾರ ಕಳೆಯಿತು. ಎರಡು ವಾರ ಆಯಿತು. ಅತ್ತೆ ನನ್ನ ಕೈಯಿಂದ ನೀರಿನ ಬಿಂದಿಗೆ ಕಿತ್ತುಕೊಂಡರು. ಮನೆಗೆ ಪರಂಗಿ ಹಣ್ಣು ಬರೋದು ನಿಂತಿತು. ನಾದಿನಿ ಫೋನ್ ಮಾಡಿ, "ಏನತ್ತಿಗೆ, ವಿಶೇಷನಾ?" ಅಂತ ನಕ್ಕಳು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನೋದಕ್ಕೂ ಧೈರ್ಯ ಬರಲಿಲ್ಲ. 47ನೇ ದಿನ ಬೆಳಗಿನ ಜಾವ ಕಿಬ್ಬೊಟ್ಟೆ ಹಿಂಡತೊಡಗಿತು. ಬಚ್ಚಲಿಂದ ಹೊರಗೆ ಬಂದವಳ ಮುಖ ನೋಡೇ ಅತ್ತೆಗೆ ಗೊತ್ತಾಯಿತು. ಏನೂ ಅನ್ನಲಿಲ್ಲ. ಸಂಜೆ ನೋಡಿದರೆ ಕ್ಯಾಲೆಂಡರಿನಲ್ಲಿ ಇನ್ನೊಂದು ಸೊನ್ನೆ ಬಿದ್ದಿತ್ತು.

ನನಗೆ ಇದು ಹೊಸದೇನೂ ಆಗಿರಲಿಲ್ಲ. ದೊಡ್ಡವಳಾದ ಮೇಲೆ ಒಂದೆರಡು ವರ್ಷ ಏರುಪೇರು ಬಹಳ ಜನಕ್ಕೆ ಇರುತ್ತದೆ. ನನ್ನದು ಡಿಗ್ರಿ ಮುಗಿದರೂ ಹಾಗೇ ಇತ್ತು. ಒಮ್ಮೆ 38 ದಿನ, ಒಮ್ಮೆ 52, ಪರೀಕ್ಷೆ ಇದ್ದರೆ ಮೂರು ತಿಂಗಳಿಗೊಮ್ಮೆ. ಅಮ್ಮ ಎಳ್ಳುಂಡೆ ಕಟ್ಟಿಕೊಡೋರು. ಕುವೆಂಪುನಗರದಲ್ಲಿ ಒಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡೂ ಹೋಗಿದ್ದರು. "ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ" ಅಂದರು ಅವರು. ಮದುವೆ ಆಯಿತು. ಮಂಡ್ಯದಲ್ಲಿ ಇನ್ನೊಬ್ಬರು, "ಒಂದು ಮಗು ಆದ್ಮೇಲೆ ಎಲ್ಲ ಸರಿಹೋಗುತ್ತೆ" ಅಂದರು. ಮಗು ಆಗೋದಕ್ಕೇ ಅದು ಸರಿಹೋಗಬೇಕಲ್ವಾ ಮೇಡಂ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಟೋಕನ್ ಹಿಡಿದು ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು.

ನಾನು ಕೆಲಸ ಮಾಡೋದು ಮೈಸೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಪಾಸ್ ಇರೋ ಹೆಂಗಸರದ್ದು ನಮ್ಮದೊಂದು ಗುಂಪಿದೆ. ಪಾಂಡವಪುರ ಬರೋ ಹೊತ್ತಿಗೆ ತಿಂಡಿ ಡಬ್ಬಿ ತೆಗೆಯುತ್ತೇವೆ, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಕಂಡಾಗ ಯಾರಾದರೂ ಒಬ್ಬರು ಕೈ ಮುಗಿಯುತ್ತಾರೆ. ಈ ಗುಂಪಿನಲ್ಲಿ ಮುಚ್ಚುಮರೆ ಕಮ್ಮಿ. ಯಾರಿಗೆ ಶುಗರ್ ಬಂತು, ಯಾರ ಗರ್ಭಕೋಶ ತೆಗೆದರು, ಎಲ್ಲ ಗೊತ್ತಿರುತ್ತದೆ. ನನ್ನ ವಿಷಯ ಬಂದಾಗ ಸಲಹೆಗಳ ಮಳೆಯೇ ಸುರಿಯಿತು. ಹುರುಳಿ ಉಷ್ಣ, ಬಿಡು. ಹುರುಳಿ ತಿಂದ್ರೇ ಒಳ್ಳೇದು, ತಿನ್ನು. ಗಂಜಾಂನ ನಿಮಿಷಾಂಬನಿಗೆ ನಿಂಬೆಹಣ್ಣು ಕೊಟ್ಟು ಬಾ. ಕೊನೆ ಸೀಟಿನ ಒಬ್ಬರು ಮಾತ್ರ, "ನಿಂಗೆ ನೀರುಗುಳ್ಳೆ ಇರಬೇಕು ಕಣೆ, ನಮ್ಮ ತಂಗಿಗೂ ಇತ್ತು, ಒಂದ್ಸಲ ಸ್ಕ್ಯಾನ್ ಮಾಡಿಸು" ಅಂದರು. ನಾನು ಅದನ್ನ ಒಂದೂವರೆ ವರ್ಷ ಮುಂದೂಡಿದೆ.

ಯಾಕೆಂದರೆ ಅಷ್ಟರಲ್ಲಿ ನನ್ನ ಮುಟ್ಟು 'ಸರಿ' ಹೋಗಿತ್ತು. ಮಂಡ್ಯದ ಆ ಡಾಕ್ಟರ್ ಮಾತ್ರೆ ಬರೆದಿದ್ದರು. ನಮ್ಮಲ್ಲಿ ಅದಕ್ಕೆ 'ಬರೋ ಮಾತ್ರೆ' ಅಂತಾರೆ. ಹಬ್ಬಕ್ಕೆ ತಗೊಳ್ಳೋದು 'ಮುಂದೆ ಹಾಕೋ ಮಾತ್ರೆ', ಇದು 'ಬರೋ ಮಾತ್ರೆ'. ನಲವತ್ತು ದಿನ ದಾಟಿದರೆ ಮೊದಲು ಮೂತ್ರದ ಟೆಸ್ಟ್, ಒಂದೇ ಗೆರೆ ಬಂದರೆ ಆಮೇಲೆ ಮಾತ್ರೆ. ಮಾತ್ರೆ ಮುಗಿದು ನಾಲ್ಕೈದು ದಿನಕ್ಕೆ ಕರಾರುವಾಕ್ಕಾಗಿ ಬರೋದು. ಕ್ಯಾಲೆಂಡರಿನ ಸೊನ್ನೆಗಳು ಸಾಲಾಗಿ ಕೂತವು. ಅತ್ತೆಗೆ ನೆಮ್ಮದಿ, ನನಗೂ ನೆಮ್ಮದಿ. ತಪ್ಪದೆ ಬರ್ತಿದೆ ಅಂದಮೇಲೆ ಒಳಗೆ ಎಲ್ಲ ನೆಟ್ಟಗಿದೆ ಅಂದುಕೊಂಡೆ. ಒಂದು ವರ್ಷದ ಸೊನ್ನೆಗಳನ್ನ ನಂಬಿ ಕೂತೆ.

ಅದು ತಪ್ಪು ಅಂತ ಬಿಡಿಸಿ ಹೇಳಿದ್ದು ಆಮೇಲೆ ಮೈಸೂರಿನಲ್ಲಿ ನೋಡಿದ ಇನ್ನೊಬ್ಬ ಡಾಕ್ಟರ್. ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಗರ್ಭಕೋಶದ ಒಳಗೋಡೆಗೆ ತಿಂಗಳೂ ಒಂದು ಪದರ ಕಟ್ಟುತ್ತದೆ. ಅಂಡಾಶಯದಲ್ಲಿ ಒಂದು ಮೊಟ್ಟೆ ಬಲಿತು ಒಡೆದು ಹೊರಗೆ ಬಂದರೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಬರುತ್ತದೆ. ಗರ್ಭ ನಿಲ್ಲದಿದ್ದರೆ ಅದು ಇಳಿಯುತ್ತದೆ, ಪದರ ಉದುರುತ್ತದೆ. ಅದೇ ಮುಟ್ಟು. 'ಬರೋ ಮಾತ್ರೆ'ಯಲ್ಲಿ ಇರೋದೂ ಅದೇ ಥರದ ಹಾರ್ಮೋನು. ನಾವು ಹೊರಗಿಂದ ಕೊಟ್ಟು ನಿಲ್ಲಿಸುತ್ತೇವೆ, ಪದರ ಉದುರುತ್ತದೆ. "ನಿಮಗೆ ರಕ್ತ ಹೋಗಿದೆ, ಸರಿ. ಆದ್ರೆ ಮೊಟ್ಟೆ ಬಿಡುಗಡೆ ಆಗಿದೆ ಅಂತ ಯಾರು ಹೇಳಿದ್ರು?" ಅಂದರು. ಒಂದು ವರ್ಷದ ಸೊನ್ನೆಗಳೆಲ್ಲ ನನ್ನ ಕಣ್ಣಮುಂದೆ ಬಂದವು. ಎಲ್ಲ ಮಾತ್ರೆ ಹಾಕಿದ ಸೊನ್ನೆಗಳೇ.

ಮಾತ್ರೆ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ತಿಂಗಳುಗಟ್ಟಲೆ ಪದರ ಉದುರದೆ ದಪ್ಪವಾಗುತ್ತಾ ಹೋಗೋದು ಗರ್ಭಕೋಶಕ್ಕೆ ಒಳ್ಳೆಯದಲ್ಲ. ಮೂರು ತಿಂಗಳು ಬರಲಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಲೇಬೇಕು, ಮದುವೆ ಆಗಿರಲಿ ಬಿಡಲಿ, ಮಗು ಬೇಕಿರಲಿ ಬೇಡದಿರಲಿ. ಅದಕ್ಕೆ ಆ ಮಾತ್ರೆ ಬೇಕು. ಮಗುವಿನ ದಾರಿ ಬೇರೆ ಅಂತ ನನಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಆ ಡಾಕ್ಟರ್ ಚಿತ್ರ ಬರೆಯೋದಕ್ಕೂ ಮುಂಚೆ ನನ್ನ ಕತ್ತು ನೋಡಿದ್ದರು. ನನ್ನ ಕತ್ತಿನ ಹಿಂಭಾಗ ಕಪ್ಪು. ಮಾಂಗಲ್ಯದ ಸರ ಉಜ್ಜಿ ಕಪ್ಪಾಗಿದೆ ಅಂತ ಮನೆಯಲ್ಲಿ ಎಲ್ಲರ ತೀರ್ಮಾನ. ಅತ್ತೆ ಭಾನುವಾರ ಕಡಲೆಹಿಟ್ಟು, ಮೊಸರು ಹಾಕಿ ತಿಕ್ಕಿದ್ದೂ ಉಂಟು. ಡಾಕ್ಟರ್ ಬೆರಳಿಂದ ಸವರಿ, "ಇದು ಕೊಳೆ ಅಲ್ಲ, ಸರದ್ದೂ ಅಲ್ಲ. ಇನ್ಸುಲಿನ್ ಜಾಸ್ತಿ ಆದಾಗ ಚರ್ಮ ಹೀಗೆ ದಪ್ಪ ಆಗಿ ಕಪ್ಪಾಗುತ್ತೆ" ಅಂದರು. ಇನ್ಸುಲಿನ್ ಹೆಚ್ಚಾದರೆ ಅಂಡಾಶಯ ಗಂಡು ಹಾರ್ಮೋನನ್ನ ಜಾಸ್ತಿ ಮಾಡುತ್ತದಂತೆ, ಅದರಿಂದ ಮೊಟ್ಟೆ ಬಲಿಯೋದು ಅರ್ಧಕ್ಕೇ ನಿಲ್ಲುತ್ತದಂತೆ. ಗಲ್ಲದ ಮೇಲೆ ನಾನು ವಾರಕ್ಕೊಮ್ಮೆ ಕಿತ್ತು ಹಾಕೋ ಎರಡು ಮೂರು ಗಡುಸು ಕೂದಲೂ ಅದೇ ಲೆಕ್ಕಕ್ಕೆ. ಹದಿನೈದು ವರ್ಷ ಬೇರೆ ಬೇರೆ ಅಂದುಕೊಂಡಿದ್ದ ನಾಚಿಕೆಗಳೆಲ್ಲ ಒಂದೇ ಬೇರಿನವು.

ಸ್ಕ್ಯಾನಿಂಗ್ ಆಯಿತು. ಪರದೆಯ ಮೇಲೆ ಅಂಡಾಶಯದ ಅಂಚಿನಲ್ಲಿ ಕಪ್ಪು ಕಪ್ಪು ಚುಕ್ಕೆಗಳು, ಪೋಣಿಸಿಟ್ಟ ಹಾಗೆ. ಜೊತೆಗೆ ಬಂದಿದ್ದ ಅತ್ತೆ ಪರದೆ ನೋಡಿ, "ಜೇನುಗೂಡಿದ್ದಂಗದಲ್ಲವ್ವ" ಅಂದರು. ನಾವು ನೀರುಗುಳ್ಳೆ ಅಂತೀವಿ, ಡಾಕ್ಟರುಗಳು ಪಿಸಿಒಡಿ, ಪಿಸಿಒಎಸ್ ಅಂತಾರೆ. ನಿಜ ಹೇಳಬೇಕೆಂದರೆ ಅವು ಗುಳ್ಳೆಗಳೇ ಅಲ್ಲವಂತೆ. ಬೆಳೆಯೋದಕ್ಕೆ ಶುರು ಮಾಡಿ ಅರ್ಧಕ್ಕೆ ನಿಂತ ಮೊಟ್ಟೆಚೀಲಗಳು. ಆಪರೇಷನ್ ಮಾಡಿ ಗುಳ್ಳೆ ತೆಗೆಸಿಬಿಡಿ ಅಂತ ಹೇಳೋ ನೆಂಟರಿಗೆ ಇದನ್ನ ಹೇಳಬೇಕು. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಅನ್ನೋ ಇಬ್ಬರು ಡಾಕ್ಟರುಗಳು ಏಳು ಜನ ಹೆಂಗಸರನ್ನ ನೋಡಿ ಇದರ ಬಗ್ಗೆ ಮೊದಲು ಬರೆದರಂತೆ. ಆ ಏಳು ಜನರನ್ನ ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಅವರ ಅತ್ತೆಯರೂ ಗೋಡೆ ಮೇಲೆ ಸೊನ್ನೆ ಹಾಕುತ್ತಿದ್ದರೋ ಏನೋ.

ಸ್ಕ್ಯಾನ್‌ನಲ್ಲಿ ಚುಕ್ಕೆ ಕಂಡ ಮಾತ್ರಕ್ಕೆ ಪಿಸಿಒಎಸ್ ಅಂತಲೂ ಅಲ್ಲ. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನ್, ಈ ಮೂರರಲ್ಲಿ ಎರಡಾದರೂ ಇರಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನುಗಳು ಏರುಪೇರಾದರೂ ಮುಟ್ಟು ಹೀಗೇ ತಪ್ಪುತ್ತದೆ. ಅದಕ್ಕೆ ಆ ರಕ್ತಪರೀಕ್ಷೆಗಳೂ ಆದವು. ನನ್ನ ಥೈರಾಯ್ಡ್ ಸರಿಯಿತ್ತು. ರೈಲಿನ ಕೊನೆ ಸೀಟಿನವರ ಮಾತು ಸರಿಯಿತ್ತು.

ಇನ್ನು 28ರ ವಿಷಯ. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. 14ನೇ ದಿನಕ್ಕೆ ಅದು ಒಂದು ಹೂವು ಅರಳಿಸಿ ತೋರಿಸೋದು. ಆ ಹೂವಿನ ದಿನಕ್ಕಾಗಿ ನಾವಿಬ್ಬರೂ ಎಷ್ಟು ಒದ್ದಾಡಿದ್ದೇವೆ ಅಂದರೆ, ಇವರು ಒಂದು ಸಲ ಬೆಲ್ಲದ ಮಂಡಿಯಲ್ಲಿ ರಾತ್ರಿ ಲೆಕ್ಕ ಬಿಟ್ಟು ಓಡಿ ಬಂದಿದ್ದರು. ಡಾಕ್ಟರ್ ಕೇಳಿ ನಕ್ಕರು. ಮೊಟ್ಟೆ ಬಿಡುಗಡೆ ಆದಮೇಲೆ ಹೆಚ್ಚುಕಮ್ಮಿ 14 ದಿನಕ್ಕೆ ಮುಟ್ಟು ಬರುತ್ತದೆ. ಅಂದರೆ ಲೆಕ್ಕ ಹಿಂದಿನಿಂದ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. 28 ದಿನದವರಿಗೆ ಎರಡು ಕಡೆಯಿಂದಲೂ 14 ಬರುತ್ತದೆ, ಅದಕ್ಕೆ ಎಲ್ಲರೂ 14 ಅಂತಾರೆ. ನನ್ನ 47 ದಿನದ ತಿಂಗಳಲ್ಲಿ ಮೊಟ್ಟೆ ಬಿಡುಗಡೆ ಆಗಿದ್ದಿದ್ದರೆ ಅದು 33ರ ಆಸುಪಾಸಿನಲ್ಲಿ. ನಾವು ಹೂವು ನೋಡಿ ಓಡಿ ಬಂದ ದಿನ ಅಲ್ಲಿ ಏನೂ ನಡೆದಿರಲಿಲ್ಲ. ಮುಂದಿನ ಮುಟ್ಟು ಯಾವಾಗ ಅಂತಲೇ ಗೊತ್ತಿಲ್ಲದವಳು ಹಿಂದಿನಿಂದ ಎಣಿಸೋದಾದರೂ ಹೇಗೆ? "ಎಣಿಸಬೇಡಿ" ಅಂದರು ಡಾಕ್ಟರ್. ಗಂಡಿನ ವೀರ್ಯಾಣು ಹೆಂಗಸಿನ ಒಳಗೆ ಐದು ದಿನದವರೆಗೂ ಬದುಕಿರಬಲ್ಲದು, ಮೊಟ್ಟೆ ಬದುಕೋದು ಹೆಚ್ಚೆಂದರೆ ಒಂದು ದಿನ. ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಸಾಕು, ಹೂವು ಬೇಡ. ಅವತ್ತೇ ರೈಲಿನಲ್ಲಿ ಆ ಆ್ಯಪ್ ತೆಗೆದು ಹಾಕಿದೆ.

ಈ ಮಧ್ಯೆ ಹರಕೆಗಳೂ ನಡೆದಿದ್ದವು. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಕೊಡೋದು ನಮ್ಮ ಕಡೆ ದೊಡ್ಡ ಹರಕೆ. ಹೋಗಿದ್ದೆವು. ಅಲ್ಲಿ ರಾಶಿ ರಾಶಿ ಪುಟಾಣಿ ತೊಟ್ಟಿಲುಗಳು. ನನಗೆ ದೇವರ ಮುಂದೆ ಏನೂ ಕೇಳಿಕೊಳ್ಳೋದಕ್ಕಾಗಲಿಲ್ಲ, ಆ ತೊಟ್ಟಿಲುಗಳನ್ನ ನೋಡುತ್ತಾ ನಿಂತೆ. ಒಂದೊಂದಕ್ಕೂ ನನ್ನಂಥ ಒಬ್ಬಳು ಇದ್ದಾಳಲ್ಲ ಅನ್ನಿಸಿತು. ವಿಚಿತ್ರ ಅಂದರೆ ಸಮಾಧಾನ ಆಯಿತು.

ಅದೇ ಹೊತ್ತಿಗೆ, 2023ರ ನವೆಂಬರಿನಲ್ಲಿ, ಆ ಸುದ್ದಿ ಬಂತು. ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣೋ ಗಂಡೋ ನೋಡುತ್ತಿದ್ದರಂತೆ, ಹೆಣ್ಣಾದರೆ ತೆಗೆಸುತ್ತಿದ್ದರಂತೆ. ರೈಲಿನಲ್ಲಿ ಅವತ್ತು ಯಾರೂ ಡಬ್ಬಿ ತೆಗೆಯಲಿಲ್ಲ. ಬೆಲ್ಲ ಬೇಯೋ ವಾಸನೆ ನನಗೆ ಮದುವೆ ಆದಾಗಿಂದ ಇಷ್ಟ. ಆಮೇಲೆ ಬಹಳ ದಿನ ಆಲೆಮನೆ ಮುಂದೆ ಹೋಗೋವಾಗ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯೋದಕ್ಕೆ ನನ್ನಿಂದ ಆಗೋದಿಲ್ಲ.

ಈಗ ನಿಜವಾಗಿ ಬರೆಯಬೇಕಾದ್ದು. ಮೈಸೂರಿನ ಡಾಕ್ಟರ್ ನನ್ನ ರಿಪೋರ್ಟೆಲ್ಲ ನೋಡಿ ಫೈಲ್ ಮುಚ್ಚಿ, "ಯಜಮಾನ್ರ ರಿಪೋರ್ಟ್ ಎಲ್ಲಿ?" ಅಂದರು. ಮದುವೆಯಾಗಿ ಮೂರು ವರ್ಷ ಆಗಿತ್ತು. ನನಗೆ ಎರಡು ಸ್ಕ್ಯಾನ್, ಲೆಕ್ಕವಿಲ್ಲದಷ್ಟು ರಕ್ತಪರೀಕ್ಷೆ. ಇವರಿಗೆ ಒಂದೂ ಇಲ್ಲ. ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಿಂಗಳು ತಪ್ಪುತ್ತಿದ್ದದ್ದು ನನ್ನದು, ಹಾಗಾಗಿ ತಪ್ಪೂ ನನ್ನದೇ ಅಂತ ಎಲ್ಲರೂ ಮಾತಿಲ್ಲದೆ ಒಪ್ಪಿಕೊಂಡಿದ್ದೆವು. "ಅದು ಬರದೆ ನಾನು ಮಾತ್ರೆ ಬರೆಯಲ್ಲ. ಮಕ್ಕಳಾಗದ ಹೆಚ್ಚುಕಮ್ಮಿ ಅರ್ಧ ಜೋಡಿಗಳಲ್ಲಿ ಗಂಡಸಿನ ಕಡೆಯದೂ ಏನಾದ್ರೂ ಇರುತ್ತೆ" ಅಂದರು.

ಇವರು ಎರಡು ವಾರ ತಳ್ಳಿದರು. ಮಂಡಿಯಲ್ಲಿ ಕೆಲಸ ಅಂದರು, ಆಡಿಟ್ ಅಂದರು. ಕೊನೆಗೆ ಒಪ್ಪಿದಾಗ ಇನ್ನೊಂದು ತೊಡಕು. ಮನೆಯಲ್ಲೇ ವೀರ್ಯದ ಸ್ಯಾಂಪಲ್ ತೆಗೆದರೆ ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಬೆಚ್ಚಗೆ ಇಟ್ಟುಕೊಂಡು. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್, ಆಮೇಲೆ ಊರೊಳಗಿನ ಟ್ರಾಫಿಕ್. ಅಂಗಿಯ ಒಳಜೇಬಿನಲ್ಲಿ ಡಬ್ಬಿ ಇಟ್ಟುಕೊಂಡು ಬೈಕಿನಲ್ಲಿ ಹೋಗ್ತೀನಿ ಅಂತ ಒಮ್ಮೆ ಅಂದರು. ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ಕೊನೆಗೆ ಲ್ಯಾಬಿನಲ್ಲೇ ಕೊಡೋದು ಅಂತಾಯಿತು. ಕೌಂಟರಿನ ಹುಡುಗ ಇವರ ಹೆಸರನ್ನ ಪೂರ್ತಿ ಕೂಗಿ, ಮುಚ್ಚಳದ ಮೇಲೆ ಬರೆದ ಡಬ್ಬಿ ಕೈಗಿಟ್ಟು, ಪ್ಯಾಸೇಜಿನ ಕೊನೆಯ ಬಾಗಿಲು ತೋರಿಸಿದ. ಕಾಯುತ್ತಿದ್ದ ಹತ್ತು ಜನ ತಲೆ ಎತ್ತಿ ನೋಡಿದರು. ನಮ್ಮೆಜಮಾನರ ಕಿವಿ ಕೆಂಪಾಗಿದ್ದು ನಾನು ನೋಡಿದ್ದು ಅದೇ ಮೊದಲು. ಸ್ಕ್ಯಾನಿಂಗ್ ಕೋಣೆಗಳಲ್ಲಿ ನನಗೆ ಆಗುತ್ತಿದ್ದದ್ದು ಇದೇ ಅಂತ ಆ ಹೊತ್ತಿನಲ್ಲಿ ಹೇಳಬೇಕು ಅನ್ನಿಸಿತು. ಬಾಯಿ ಮುಚ್ಚಿಕೊಂಡಿದ್ದು ಒಳ್ಳೆಯದಾಯಿತು.

ರಿಪೋರ್ಟ್ ಬಂತು. ಒಂದು ಮಿಲಿಲೀಟರಿನಲ್ಲಿ 90 ಲಕ್ಷ ವೀರ್ಯಾಣು. "90 ಲಕ್ಷ ಕಮ್ಮಿನಾ?" ಅಂತ ಇವರು ಕೇಳಿದರು, ಮಂಡಿಯ ಲೆಕ್ಕದ ಮನುಷ್ಯ. ಕಮ್ಮಿಯೇ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ಕೆಳಗಿನ ಗೆರೆ ಒಂದು ಕೋಟಿ 60 ಲಕ್ಷ. ಅದಕ್ಕಿಂತ ಕಮ್ಮಿ ಇದ್ದವರಿಗೆ ಮಕ್ಕಳಾಗಲ್ಲ ಅಂತಲ್ಲ, ಕಷ್ಟ ಅಂತ. ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡಲ್ಲ, ಸಿಗರೇಟು ಬಿಡಿ, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ ಅಂದರು. ವೀರ್ಯಾಣು ತಯಾರಾಗೋದಕ್ಕೇ ಎರಡೂವರೆ ತಿಂಗಳು ಹಿಡಿಯುತ್ತದಂತೆ, ಇವತ್ತು ಸಿಗರೇಟು ಬಿಟ್ಟರೆ ನಾಳೆ ಏನೂ ಕಾಣಿಸಲ್ಲ.

ಆ ರಿಪೋರ್ಟು ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ಕೆಳಗೆ ಹೋಯಿತು. ಇಟ್ಟಿದ್ದು ನಾನೇ. ಇವರು ಇಡು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನನ್ನ ನೀರುಗುಳ್ಳೆಯ ವಿಷಯ ಅಷ್ಟರಲ್ಲಿ ನಾದಿನಿಗೆ, ಚಿಕ್ಕತ್ತೆಗೆ, ಎದುರುಮನೆಯವರಿಗೆ, ಹಾಲಿನವಳಿಗೂ ಗೊತ್ತಿತ್ತು. ಯಾರದೋ ಸೀಮಂತದಲ್ಲಿ ಒಬ್ಬ ದೊಡ್ಡಮ್ಮ ಆರತಿ ತಟ್ಟೆಯನ್ನ ನನ್ನ ಕೈ ದಾಟಿಸಿ ಪಕ್ಕದವಳಿಗೆ ಕೊಟ್ಟರು. ಪಾಪ, ಅವರಿಗೂ ಮುಜುಗರ ಆಯಿತೇನೋ, ಆಮೇಲೆ ಎರಡು ಸಲ ಊಟ ಮಾಡಿದೆಯಾ ಅಂತ ಕೇಳಿದರು. ಅವತ್ತು ರಾತ್ರಿ ಇವರಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಲೈಟ್ ಆರಿಸಿದ ಮೇಲೂ ಮಲಗಿರಲಿಲ್ಲ ಅಂತ ಗೊತ್ತು.

ಮಾತ್ರೆ ಶುರುವಾಯಿತು. ಲೆಟ್ರೋಜೋಲ್, ಮುಟ್ಟಾದ ಮೂರನೇ ದಿನದಿಂದ ಐದು ದಿನ. ಪೆಟ್ಟಿಗೆಯೊಳಗಿನ ಚೀಟಿ ಬಿಡಿಸಿ ಓದಿದರೆ ಸ್ತನ ಕ್ಯಾನ್ಸರಿನ ಔಷಧಿ ಅಂತಿದೆ. ಕೈ ನಡುಗಿತು. 2011ರಲ್ಲಿ ನಮ್ಮ ದೇಶದಲ್ಲಿ ಇದನ್ನ ಮಕ್ಕಳಾಗದವರಿಗೆ ಕೊಡೋದನ್ನ ನಿಲ್ಲಿಸಿದ್ದರಂತೆ, ಕೆಲವು ವರ್ಷದ ಮೇಲೆ ಮತ್ತೆ ಒಪ್ಪಿಗೆ ಕೊಟ್ಟರಂತೆ. ಈಗ ಪಿಸಿಒಎಸ್ ಇದ್ದವರಿಗೆ ಮೊಟ್ಟೆ ಬಲಿಸೋದಕ್ಕೆ ಮೊದಲು ಕೊಡೋದೇ ಇದನ್ನ. ನೀವೂ ಚೀಟಿ ಓದಿ ಹೆದರಿದ್ದರೆ ಡಾಕ್ಟರನ್ನೇ ಕೇಳಿ, ಬೈಯಲ್ಲ. ಜೊತೆಗೆ ದಿನಾ ಒಂದು ಫೋಲಿಕ್ ಆ್ಯಸಿಡ್. ತೂಕ ಸ್ವಲ್ಪ, ನೂರಕ್ಕೆ ಐದರಷ್ಟು ಇಳಿದರೂ ಮುಟ್ಟು ದಾರಿಗೆ ಬರಬಹುದು ಅಂದರು. ಹಾಗಾಗಿ ಒಂದು ಸ್ಟಾಪ್ ಮುಂಚೆ ಇಳಿದು ನಡೆಯುತ್ತೇನೆ. ರಾತ್ರಿ ಮುದ್ದೆ ಅರ್ಧ, ಸೊಪ್ಪು ಜಾಸ್ತಿ.

ಈ ಮಾತ್ರೆ ತಗೊಂಡರೆ ಸ್ಕ್ಯಾನಿಂಗಿಗೆ ದಿನ ಬಿಟ್ಟು ದಿನ ಹೋಗಬೇಕು, ಮೊಟ್ಟೆಚೀಲ ಎಷ್ಟು ಬೆಳೆಯಿತು ಅಂತ ಅಳೆಯೋದಕ್ಕೆ. ಶಕ್ತಿ ಯೋಜನೆ ಇರೋದರಿಂದ ಬಸ್ಸಿಗೆ ದುಡ್ಡಿಲ್ಲ, ಅದೊಂದು ಪುಣ್ಯ. 11 ಮಿಲಿಮೀಟರ್, 14, 17. ಹದಿನೆಂಟು ದಾಟಿದರೆ ಒಡೆಯೋ ಹೊತ್ತು. ಮಾವ ಹೊಲದಿಂದ ಬಂದವರು ಜಗಲಿ ಮೇಲೆ ಕೂತು ಕೈಕಾಲು ತೊಳೆಯುತ್ತಾ, ಮುಖ ಆ ಕಡೆ ಮಾಡಿಕೊಂಡು, "ಎಷ್ಟಾಯ್ತಂತವ್ವ?" ಅಂತ ಕೇಳೋರು. ಕಬ್ಬಿನ ಗಣ್ಣು ಕೇಳಿದ ಹಾಗೆ. ಮೊದಲ ಎರಡು ತಿಂಗಳು 18 ಆಯಿತು, ಒಡೆಯಿತು, ಆಮೇಲೆ ಮುಟ್ಟಾಯಿತು. ಮಾತ್ರೆಯಿಂದ ಪದರ ಉದುರಿದ್ದಲ್ಲ ಈ ಸಲ, ಮೊಟ್ಟೆ ಬಿಡುಗಡೆಯಾಗಿ ಬಂದ ಮುಟ್ಟು. ಅತ್ತು ಮುಗಿಸಿ ಒಂಥರಾ ಖುಷಿಯೂ ಆಯಿತು ಅಂದರೆ ನಂಬ್ತೀರಾ?

ಇನ್ನೊಂದು ಹೇಳೋದು ಬಿಟ್ಟೆ. ಸ್ಕ್ಯಾನಿನಲ್ಲಿ ಜೇನುಗೂಡು ನೋಡಿದ ಮಾರನೇ ದಿನದಿಂದ ಅತ್ತೆ ನನಗೆ ಮೆಂತ್ಯ ನೆನೆಸಿದ ನೀರು ಕೊಡೋದಕ್ಕೆ ಶುರು ಮಾಡಿದ್ದರು. ಬೆಳಗ್ಗೆ ಐದೂವರೆಗೆ, ಖಾಲಿ ಹೊಟ್ಟೆಗೆ, ಸ್ಟೀಲ್ ಲೋಟದಲ್ಲಿ. "ಕುಡಿ ಕಣವ್ವ, ಒಳಗಿರೋದೆಲ್ಲ ಕರಗ್ತದೆ." ಕರಗುತ್ತೋ ಬಿಡುತ್ತೋ, ಬೇಡ ಅನ್ನೋದಕ್ಕೆ ಮನಸ್ಸು ಬರದೆ ಕುಡಿಯುತ್ತಿದ್ದೆ. ಲೋಳೆ ಲೋಳೆ, ಕಹಿ.

ಹೋದ ತಿಂಗಳ ಒಂದು ಭಾನುವಾರ ಅತ್ತೆ ಅಡುಗೆಮನೆಯಲ್ಲಿ ದಂಟಿನಸೊಪ್ಪು ಬಿಡಿಸುತ್ತಾ ಕೂತಿದ್ದರು. ಚಿಕ್ಕತ್ತೆ ಫೋನಿನಲ್ಲಿ, ಸ್ಪೀಕರ್ ಹಾಕಿತ್ತು. ನನ್ನ ಗುಳ್ಳೆಗೆ ಯಾವುದೋ ನಾಟಿ ಔಷಧಿಯ ಊರು ಹೇಳುತ್ತಿದ್ದರು. ಇವರು ಕಾಫಿ ಲೋಟ ಇಡೋದಕ್ಕೆ ಬಂದವರು ಅಲ್ಲೇ ನಿಂತರು. ಫೋನ್ ಕಟ್ಟಾದ ಮೇಲೆ, "ಅಮ್ಮ, ಅವಳದ್ದೊಂದೇ ಅಲ್ಲ. ನಂದೂ ಕಮ್ಮಿ ಇದೆ. ರಿಪೋರ್ಟ್ ಬೀರಲ್ಲಿದೆ" ಅಂದರು. ಕ್ಯಾಲೆಂಡರಿನ ಕಡೆ ನೋಡಿಕೊಂಡು ಹೇಳಿದರು, ಅಮ್ಮನ ಮುಖ ನೋಡಲಿಲ್ಲ.

ಅತ್ತೆಯ ಕೈ ನಿಂತಿತು. ಆಮೇಲೆ ಒಂದು ದಂಟು ಮುರಿದರು, ನಾರು ತೆಗೆದರು. "ಯಾಕ್ಲಾ ಇಷ್ಟ್ ದಿನ ಹೇಳ್ನಿಲ್ಲ?" ಅಂದರು. ಇವರು ಮಾತಾಡಲಿಲ್ಲ. ಅತ್ತೆ ನನ್ನ ಕಡೆ ಒಂದು ಸಲ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದರು. ಅವತ್ತು ಮತ್ತೆ ಅದರ ಮಾತೇ ಬರಲಿಲ್ಲ. ಇವರ ಎರಡನೇ ರಿಪೋರ್ಟಿನಲ್ಲಿ ಒಂದು ಕೋಟಿ 30 ಲಕ್ಷ ಇದೆ, ಅದನ್ನೂ ಯಾರೂ ಕೇಳಲಿಲ್ಲ. ಇದನ್ನೆಲ್ಲ ಬರೀಲಾ ಅಂತ ಇವರನ್ನ ಕೇಳಿದಾಗ, ಹೆಸರು ಹಾಕಬೇಡ ಅಂದರು ಅಷ್ಟೇ.

ಮಾರನೇ ಬೆಳಗ್ಗೆ ಐದೂವರೆಗೆ ಎದ್ದು ಹೋದರೆ ಒಲೆ ಪಕ್ಕದ ಕಟ್ಟೆ ಮೇಲೆ ಮೆಂತ್ಯದ ನೀರಿನ ಲೋಟ ಎರಡಿದ್ದವು.